ವುಝೂವಿನ ನೀರು ಕೆಂಪಾದಾಗ

ದಾಂಡೇಲಿಯ ಅಂಬೇವಾಡಿಯಲ್ಲಿ ಒಂದು ಶುಕ್ರವಾರ ನಾವು ಜುಮಾ ನಮಾಝ್‌ಗಾಗಿ ವುಝೂ ಮಾಡುತ್ತಿದ್ದೆವು. ಪಕ್ಕದ ನಳದ ಮುಂದೆ ಕುಳಿತಿದ್ದ ಯುವಕನೊಬ್ಬ ಬಾಯಿ ಮುಕ್ಕಳಿಸಿ ಉಗುಳಿದಾಗ ನೀರು ಕೆಂಪಾಗಿತ್ತು. ಆತ ಇನ್ನೊಮ್ಮೆ ಮುಕ್ಕಳಿಸಿದ, ಮತ್ತೊಮ್ಮೆ ಮುಕ್ಕಳಿಸಿದ. ಬಣ್ಣ ತಿಳಿಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ನಮಾಝ್ ಮುಗಿದ ಬಳಿಕ ಆತ ಇಮಾಮ್ ಸಾಹೇಬರ ಹತ್ತಿರ ಹೋಗಿ, “ಹಜರತ್, ವಸಡಿನಿಂದ ರಕ್ತ ಬಂದರೆ ವುಝೂ ಮುರಿಯುತ್ತದೆಯೇ?” ಎಂದು ಮೆಲುದನಿಯಲ್ಲಿ ಕೇಳಿದ.

ಇಮಾಮ್ ಸಾಹೇಬರು ಹನಫಿ ಮಝ್‌ಹಬ್‌ನಂತೆ ಉತ್ತರಿಸಿದರು. ಉಗುಳು ಕೆಂಪಾಗಿದ್ದರೆ, ಅಂದರೆ ರಕ್ತವು ಜೊಲ್ಲಿಗೆ ಸಮನಾಗಿದ್ದರೆ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ವುಝೂ ಮುರಿಯುತ್ತದೆ. ಬರಿಯ ಹಳದಿ ಛಾಯೆ ಇದ್ದರೆ ಮುರಿಯುವುದಿಲ್ಲ. ಶಾಫಿಈ ಮಝ್‌ಹಬ್‌ನವರಿಗೆ ಅಂತಹ ರಕ್ತದಿಂದ ವುಝೂ ಮುರಿಯದು, ಆದರೆ ಬಾಯಿಯನ್ನು ತೊಳೆದು ಶುದ್ಧಗೊಳಿಸಿಕೊಳ್ಳಬೇಕು ಎಂದೂ ತಿಳಿಸಿದರು. ಯುವಕ ಸಮಾಧಾನದಿಂದ ಹೊರಟುಹೋದ.

ಪ್ರಶ್ನೆಯೂ ಸರಿಯಾಗಿತ್ತು, ಉತ್ತರವೂ ಸರಿಯಾಗಿತ್ತು. ಆದರೆ ಮನೆಗೆ ಮರಳುವ ದಾರಿಯಲ್ಲಿ ನಮ್ಮನ್ನು ಒಂದು ವಿಷಯ ಕಾಡಿತು. ರಕ್ತ ಬಂದರೆ ವುಝೂವಿನ ಗತಿಯೇನು ಎಂದು ಕೇಳಲಾಯಿತು. ರಕ್ತ ಏಕೆ ಬರುತ್ತಿದೆ ಎಂದು ಯಾರೂ ಕೇಳಲಿಲ್ಲ. ಆ ಯುವಕನೂ ಕೇಳಲಿಲ್ಲ, ಅವನ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ನೋಡಿದ್ದ ನಾವೂ ಕೇಳಲಿಲ್ಲ. ದಿನಕ್ಕೆ ಐದು ಬಾರಿ ಬಾಯಿಗೆ ನೀರು ಹಾಕುವ ಸಮುದಾಯ ನಮ್ಮದು. ದಿನಕ್ಕೆ ಐದು ಬಾರಿ ನಮ್ಮ ಬಾಯಿಯ ಸ್ಥಿತಿಯು ನಮ್ಮ ಕಣ್ಣ ಮುಂದೆಯೇ ಹರಿದುಹೋಗುತ್ತದೆ. ಇಂತಹ ಅವಕಾಶವಿದ್ದೂ ವಸಡಿನ ರೋಗವನ್ನು ನಾವು ಗುರುತಿಸದೆ ಹೋದರೆ ಅದನ್ನು ಅಜ್ಞಾನವೆಂದು ಕರೆಯುವುದು ಕಷ್ಟ, ಅಲಕ್ಷ್ಯವೆಂದೇ ಕರೆಯಬೇಕಾಗುತ್ತದೆ.

ಆಪಾ ಕಳೆದುಕೊಂಡದ್ದು

ಈ ಮಾತನ್ನು ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ನಮ್ಮ ಪರಿಚಯದ ಓಣಿಯಲ್ಲಿ ಒಬ್ಬ ಆಪಾ ಇದ್ದಾರೆ. ಅಸರ್ ನಮಾಝ್‌ನ ಬಳಿಕ ನೆರೆಹೊರೆಯ ಹೆಣ್ಣುಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಕುರ್‌ಆನ್ ಓದಲು ಕಲಿಸುವುದು ಅವರ ವರ್ಷಗಳ ಕಾಯಕ. ನಾಲ್ಕು ವರ್ಷಗಳ ಕಾಲ ಅವರ ವಸಡಿನಿಂದ ರಕ್ತ ಬರುತ್ತಿತ್ತು. “ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ” ಎಂದು ಹೇಳಿಕೊಂಡು ಮಜ್ಜಿಗೆ ಕುಡಿದರು, ಸಬ್ಜಾ ಬೀಜ ನೆನೆಸಿ ಕುಡಿದರು. ಉಜ್ಜಿದರೆ ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನೇ ಕಡಿಮೆ ಮಾಡಿದರು. ನೋವಿರಲಿಲ್ಲವಾದ್ದರಿಂದ ಮನೆಯವರಿಗೂ ಹೇಳಲಿಲ್ಲ. ಕೊನೆಗೆ ಮೇಲಿನ ಮುಂಭಾಗದ ಹಲ್ಲುಗಳು ಅಲ್ಲಾಡತೊಡಗಿದಾಗ ಧಾರವಾಡಕ್ಕೆ ಹೋದರು. ಅಷ್ಟರಲ್ಲಿ ಎರಡು ಹಲ್ಲುಗಳ ಸುತ್ತಲಿನ ಮೂಳೆ ಕರಗಿಹೋಗಿತ್ತು. ಅವನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ.

ತಜ್‌ವೀದ್ ಕಲಿತವರಿಗೆ ಗೊತ್ತು: ಸಾ, ಝಾಲ್, ಝಾ ಎಂಬ ಅಕ್ಷರಗಳು ಹೊರಡುವುದು ನಾಲಿಗೆಯ ತುದಿಯು ಮೇಲಿನ ಮುಂಭಾಗದ ಹಲ್ಲುಗಳ ಅಂಚನ್ನು ತಾಕಿದಾಗ. ಫಾ ಹೊರಡುವುದು ಕೆಳದುಟಿಯು ಅದೇ ಹಲ್ಲುಗಳ ಅಂಚನ್ನು ಮುಟ್ಟಿದಾಗ. ಆಪಾ ಅತ್ತದ್ದು ತಮ್ಮ ಮುಖದ ಅಂದ ಕೆಟ್ಟಿತೆಂದಲ್ಲ. “ಮಕ್ಕಳಿಗೆ ಮಖ್ರಜ್ ಹೇಗೆ ತೋರಿಸಲಿ?” ಎಂಬುದೇ ಅವರ ಅಳಲಾಗಿತ್ತು.

ನಲವತ್ತರ ವಯಸ್ಸಿಗೆ ಹಲ್ಲು ಬೀಳುವುದು ವಿಧಿಬರಹ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ವಿಧಿಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಕಾರಣಗಳನ್ನು ತಿಳಿಯದೆ, ತಿಳಿದೂ ನಿವಾರಿಸದೆ, ಪರಿಣಾಮವನ್ನು ಮಾತ್ರ ವಿಧಿಯ ಹೆಗಲಿಗೆ ಹಾಕುವುದನ್ನು ನಮ್ಮ ಧರ್ಮ ಕಲಿಸಿಲ್ಲ. ಒಂಟೆಯನ್ನು ಮೊದಲು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿ(ಸ) ಬೋಧಿಸಿದ್ದಾರೆ. ಹಾಗಾದರೆ ವಸಡಿನ ವಿಷಯದಲ್ಲಿ ಕಟ್ಟದೆ ಬಿಟ್ಟ ಒಂಟೆ ಯಾವುದು?

ಬಂಡೆಯ ಮೇಲಿನ ಲೋಳೆ

ಕಾಳಿ ನದಿಯ ದಡದಲ್ಲಿ ಬಟ್ಟೆ ಒಗೆದವರಿಗೆ, ಈಜಿದವರಿಗೆ ನೀರೊಳಗಿನ ಬಂಡೆಗಳ ಮೇಲಿನ ಜಾರುವ ಲೋಳೆಯ ಪರಿಚಯವಿದೆ. ಅದರ ಮೇಲೆ ಹಗಲಿರುಳು ನೀರು ಹರಿಯುತ್ತದೆ. ಆದರೂ ಅದು ತೊಳೆದುಹೋಗುವುದಿಲ್ಲ. ಕೈಯಿಂದಲೋ ಕಲ್ಲಿನಿಂದಲೋ ಉಜ್ಜಿದರೆ ಮಾತ್ರ ಬಿಡುತ್ತದೆ. ನಮ್ಮ ಹಲ್ಲಿನ ಮೇಲೆ ನಡೆಯುವುದೂ ಇದೇ.

ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳುಪದರವೊಂದನ್ನು ಹರಡುತ್ತವೆ. ಮನುಷ್ಯರ ಬಾಯಿಗಳಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅವುಗಳಲ್ಲಿ ಸ್ಟ್ರೆಪ್ಟೋಕಾಕಸ್ ಜಾತಿಯವು ಮೊದಲು ಬಂದು ಆ ಪದರಕ್ಕೆ ಅಂಟಿಕೊಳ್ಳುತ್ತವೆ. ಇವು ಬಹುತೇಕ ನಿರುಪದ್ರವಿಗಳು. ಅವುಗಳ ಬೆನ್ನಿಗೆ ಬೇರೆಯವು ಸೇರುತ್ತವೆ. ಫ್ಯೂಸೋಬ್ಯಾಕ್ಟೀರಿಯಂ ಎಂಬ ಉದ್ದನೆಯ ಬ್ಯಾಕ್ಟೀರಿಯಾ ಸೇತುವೆಯಂತೆ ನಿಂತು ಮೊದಲು ಬಂದವರನ್ನೂ ಕಡೆಗೆ ಬರುವವರನ್ನೂ ಜೋಡಿಸುತ್ತದೆ. ಗಾಳಿಯಾಡದ ಒಳಪದರಗಳಲ್ಲಿ, ಹಲ್ಲು ಮತ್ತು ವಸಡಿನ ನಡುವಿನ ಸಣ್ಣ ಸಂದಿನಲ್ಲಿ, ಪೋರ್ಫಿರೋಮೋನಾಸ್ ಜಿಂಜಿವಾಲಿಸ್‌ನಂತಹ ಅಪಾಯಕಾರಿ ಜೀವಿಗಳು ಕೊನೆಯಲ್ಲಿ ನೆಲೆಯೂರುತ್ತವೆ. ಇವೆಲ್ಲವೂ ತಾವೇ ಸ್ರವಿಸಿದ ಅಂಟಿನೊಳಗೆ ಹುದುಗಿ ಬದುಕುತ್ತವೆ. ದಂತವೈದ್ಯರು ಪ್ಲೇಕ್ ಎಂದು ಕರೆಯುವ ಹಲ್ಲಿನ ಪಾಚಿ ಇದೇ.

ಈ ಜೀವಿಗಳನ್ನು ಮನುಷ್ಯ ಮೊದಲು ಕಂಡದ್ದು ಹದಿನೇಳನೆಯ ಶತಮಾನದಲ್ಲಿ. ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೀವೆನ್‌ಹುಕ್ ತಾನೇ ತಯಾರಿಸಿದ ಮಸೂರದಡಿಯಲ್ಲಿ ತನ್ನ ಹಲ್ಲಿನ ಬಿಳಿಯ ಕೊಳೆಯನ್ನಿಟ್ಟು ನೋಡಿದಾಗ ಅದರಲ್ಲಿ ಓಡಾಡುವ ಸೂಕ್ಷ್ಮಜೀವಿಗಳು ಕಂಡವು. 1683ರಲ್ಲಿ ಆತ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರದ ಮೂಲಕ ತಿಳಿಸಿದ.

ಬೆಂಕಿ ಹಚ್ಚುವವರು ಯಾರು, ಸುಡುವವರು ಯಾರು?

ಇಲ್ಲೊಂದು ಮುಖ್ಯ ಸಂಗತಿಯಿದೆ. ವಸಡನ್ನು ಹಾಳುಮಾಡುವುದು ಬಹುಮಟ್ಟಿಗೆ ಬ್ಯಾಕ್ಟೀರಿಯಾ ನೇರವಾಗಿ ಕಚ್ಚುವುದರಿಂದಲ್ಲ. ಅವುಗಳನ್ನು ಓಡಿಸಲು ನಮ್ಮದೇ ದೇಹ ಹೂಡುವ ಹೋರಾಟದಿಂದ. ಆ ಹೋರಾಟಕ್ಕೆ ಉರಿಯೂತ ಎಂದು ಹೆಸರು.

ಅಲ್ಲಾಹನು ನಮ್ಮ ವಸಡಿನ ಚರ್ಮದಲ್ಲಿಯೂ ಅದರಡಿಯ ಜೀವಕೋಶಗಳಲ್ಲಿಯೂ ಕಾವಲುಗಾರರನ್ನು ಇಟ್ಟಿದ್ದಾನೆ. ಹಲವು ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಲಿಪೋಪಾಲಿಸ್ಯಾಕರೈಡ್ ಎಂಬ ವಸ್ತುವಿರುತ್ತದೆ. ಆ ಜೀವಕೋಶಗಳ ಮೇಲಿರುವ ‘ಟೋಲ್’ ಗ್ರಾಹಕಗಳು ಅದನ್ನು ಮುಟ್ಟಿದೊಡನೆ ಶತ್ರುವೆಂದು ಗುರುತಿಸುತ್ತವೆ. ಈ ವಸ್ತುವನ್ನು ಗುರುತಿಸುವ ಗ್ರಾಹಕ ಯಾವುದೆಂದು 1998ರಲ್ಲಿ ಕಂಡುಹಿಡಿದ ಬ್ರೂಸ್ ಬ್ಯೂಟ್ಲರ್ ಅವರು ಇತರ ಇಬ್ಬರೊಂದಿಗೆ 2011ರ ನೊಬೆಲ್ ಪ್ರಶಸ್ತಿ ಪಡೆದರು. ಶತ್ರುವಿನ ಗುರುತು ಸಿಕ್ಕೊಡನೆ ಜೀವಕೋಶಗಳು ಇಂಟರ್‌ಲ್ಯೂಕಿನ್, ಟಿಎನ್‌ಎಫ್ ಮುಂತಾದ ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಅದರಿಂದ ರಕ್ತನಾಳಗಳು ಹಿಗ್ಗುತ್ತವೆ, ಹೀಗಾಗಿ ವಸಡು ಕೆಂಪಾಗುತ್ತದೆ. ನಾಳಗಳಿಂದ ದ್ರವ ಒಸರುತ್ತದೆ, ಹೀಗಾಗಿ ವಸಡು ಊದಿಕೊಳ್ಳುತ್ತದೆ. ಬಿಳಿ ರಕ್ತಕಣಗಳು ಸಾಲುಗಟ್ಟಿ ಹೊರಬಂದು ಪಾಚಿಯ ಮೇಲೆ ದಾಳಿಯಿಡುತ್ತವೆ. ಹಲ್ಲಿನ ಕಡೆಯ ತೆಳುಚರ್ಮ ಹುಣ್ಣಾಗುತ್ತದೆ. ಆಗ ಬ್ರಷ್ ತಾಕಿದರೂ, ರೊಟ್ಟಿಯ ಅಂಚು ತಾಕಿದರೂ, ವುಝೂವಿನಲ್ಲಿ ಬೆರಳು ತಾಕಿದರೂ ರಕ್ತ ಬರುತ್ತದೆ.

ಆಪಾ ಹೇಳುತ್ತಿದ್ದ ‘ಉಷ್ಣ’ ಸಂಪೂರ್ಣ ಸುಳ್ಳೇನಲ್ಲ. ಉರಿ ಇರುವುದು ನಿಜ. ಆದರೆ ಅದು ಹೊಟ್ಟೆಯಿಂದ ಬಂದದ್ದಲ್ಲ. ಹಲ್ಲಿನ ಬುಡದಲ್ಲಿ ಕುಳಿತ ಪಾಚಿಯಿಂದ ಹೊತ್ತಿಕೊಂಡದ್ದು. ಮಜ್ಜಿಗೆಯಿಂದ ಅದು ಆರುವುದಿಲ್ಲ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಸುಮಾರು 10ರಿಂದ 21 ದಿನಗಳೊಳಗೆ ಎಲ್ಲರ ವಸಡಿನಲ್ಲಿಯೂ ಉರಿಯೂತ ಕಾಣಿಸಿಕೊಂಡಿತು. ಬಳಿಕ ಅವರು ಮತ್ತೆ ಹಲ್ಲುಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನ ಸ್ಥಿತಿಗೆ ಮರಳಿತು. ಪಾಚಿ ಬಂದರೆ ರೋಗ ಬರುತ್ತದೆ, ಪಾಚಿ ಹೋದರೆ ರೋಗ ಹೋಗುತ್ತದೆ ಎಂಬುದು ಈ ಒಂದೇ ಪ್ರಯೋಗದಿಂದ ಮನದಟ್ಟಾಯಿತು. ಆರಂಭದ ಹಂತದಲ್ಲಿ ಈ ರೋಗ ಪೂರ್ತಿ ಗುಣವಾಗುತ್ತದೆ ಎಂಬ ಶುಭವಾರ್ತೆಯೂ ಇದರಲ್ಲಿದೆ.

ಆದರೆ ವರ್ಷಗಟ್ಟಲೆ ಬಿಟ್ಟರೆ ಕಥೆ ಬೇರೆ. ಮೆತ್ತಗಿನ ಪಾಚಿ ಜೊಲ್ಲಿನ ಖನಿಜಗಳನ್ನು ಹೀರಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದರ ಒರಟು ಮೈಮೇಲೆ ಹೊಸ ಪಾಚಿ ಸುಲಭವಾಗಿ ಕೂರುತ್ತದೆ. ವಸಡು ಹಲ್ಲಿನಿಂದ ಬಿಟ್ಟುಕೊಂಡು ಸಂದು ಆಳವಾಗುತ್ತದೆ. ಮುಗಿಯದ ಹೋರಾಟದಲ್ಲಿ ನಮ್ಮದೇ ಜೀವಕೋಶಗಳು ಬಿಡುವ ಕಿಣ್ವಗಳು ಹಲ್ಲನ್ನು ಹಿಡಿದಿಟ್ಟ ನಾರುಗಳನ್ನು ಕರಗಿಸುತ್ತವೆ. ಮೂಳೆಯನ್ನು ತಿನ್ನುವ ಜೀವಕೋಶಗಳು ಎಚ್ಚೆತ್ತು ಹಲ್ಲಿನ ಸುತ್ತಲಿನ ಮೂಳೆಯನ್ನು ಕರಗಿಸುತ್ತವೆ. ಇನ್ನೊಂದು ಸೋಜಿಗವೆಂದರೆ, ಪೋರ್ಫಿರೋಮೋನಾಸ್ ಬದುಕಲು ಬೇಕಾದ ಕಬ್ಬಿಣದ ಅಂಶ ಅದಕ್ಕೆ ಸಿಗುವುದು ರಕ್ತದಿಂದ. ಅಂದರೆ ವಸಡಿನಿಂದ ರಕ್ತ ಸೋರಿದಷ್ಟೂ ಅದರ ಮನೆಗೆ ರೇಶನ್ ತಲುಪಿಸಿದಂತೆ. ಒಮ್ಮೆ ಹೋದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ. ಚಿಕಿತ್ಸೆಯಿಂದ ರೋಗವನ್ನು ಅಲ್ಲಿಗೇ ತಡೆಯಬಹುದು, ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ತೀವ್ರ ಸ್ವರೂಪದ ವಸಡಿನ ರೋಗವಿದೆ. ಇದು ಬಾಯಿಯಲ್ಲಿಯೇ ಮುಗಿಯುವ ವಿಷಯವೂ ಅಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ವಸಡಿನ ರೋಗ ಬೇಗ ಬರುತ್ತದೆ, ಬಂದರೆ ಬೇಗ ಉಲ್ಬಣಿಸುತ್ತದೆ. ಹಾಗೆಯೇ ವಸಡಿನ ಉರಿಯೂತವಿದ್ದರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ನಮ್ಮ ಮನೆಗಳಲ್ಲಿ ಶುಗರ್ ಮಾತ್ರೆ ನುಂಗುವ ಹಿರಿಯರಿಗೇನೂ ಕೊರತೆಯಿಲ್ಲ. ಅವರಲ್ಲಿ ಎಷ್ಟು ಮಂದಿ ವಸಡನ್ನು ತೋರಿಸಿಕೊಂಡಿದ್ದಾರೆ?

ಸಿವಾಕ್: ಜೇಬಿನಲ್ಲಿಯೋ, ಬಾಯಿಯಲ್ಲಿಯೋ?

ಇನ್ನು ನಮ್ಮ ಧರ್ಮದ ಕಡೆಗೆ ತಿರುಗೋಣ. ಜನಸಮುದಾಯಕ್ಕೆ ಹೊರೆಯಾಗುವುದೆಂಬ ಅಂಜಿಕೆ ಇಲ್ಲದಿರುತ್ತಿದ್ದರೆ ಪ್ರತಿ ನಮಾಝ್‌ನ ವೇಳೆಯೂ ಸಿವಾಕ್ ಮಾಡುವುದನ್ನು ಕಡ್ಡಾಯಗೊಳಿಸುತ್ತಿದ್ದೆನೆಂಬ ಅರ್ಥದ ಪ್ರವಾದಿವಚನ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಅವರು(ಸ) ಮನೆಗೆ ಬಂದೊಡನೆ ಮೊದಲು ಮಾಡುತ್ತಿದ್ದುದು ಸಿವಾಕ್ ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ರಾತ್ರಿ ಎದ್ದಾಗ ಸಿವಾಕ್‌ನಿಂದ ಬಾಯಿಯನ್ನು ಉಜ್ಜುತ್ತಿದ್ದರೆಂದು ಹ. ಹುಝೈಫಾ(ರ) ವರದಿ ಮಾಡಿದ್ದಾರೆ. ಅವರು ಸಿವಾಕನ್ನು ನಾಲಿಗೆಯ ಮೇಲೂ ಆಡಿಸುತ್ತಿದ್ದುದನ್ನು ಹ. ಅಬೂ ಮೂಸಾ(ರ) ಕಂಡಿದ್ದರು. ಇಹಲೋಕ ತ್ಯಜಿಸುವ ಮುನ್ನಿನ ಘಳಿಗೆಯಲ್ಲಿಯೂ ಅವರ ನೋಟ ಒಂದು ಸಿವಾಕಿನ ಮೇಲೆ ನೆಟ್ಟಿತ್ತು. ಹ. ಆಯಿಶಾ(ರ) ಅದನ್ನು ಜಗಿದು ಮೆದುಗೊಳಿಸಿ ಕೊಟ್ಟರು, ಅವರು ಹಲ್ಲುಜ್ಜಿದರು.

ಹದೀಸ್ ಗ್ರಂಥಗಳು ವೈದ್ಯಶಾಸ್ತ್ರದ ಪಠ್ಯಪುಸ್ತಕಗಳಲ್ಲ. ನಾವು ಸಿವಾಕ್ ಮಾಡುವುದು ಪ್ರಭುವಿನ ಸಂತೃಪ್ತಿಗಾಗಿ. ಬ್ಯಾಕ್ಟೀರಿಯಾದ ಹೆಸರು ತಿಳಿಯದ ಕಾಲದಲ್ಲೂ ಅದು ಸುನ್ನತ್ ಆಗಿತ್ತು, ನಾಳೆ ವಿಜ್ಞಾನ ಬೇರೇನು ಹೇಳಿದರೂ ಸುನ್ನತ್ ಆಗಿಯೇ ಇರುತ್ತದೆ. ಆದರೆ ಈ ಎಲ್ಲ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವುದೊಂದಿದೆ: ಉಜ್ಜುವುದು, ಮತ್ತೆ ಮತ್ತೆ ಉಜ್ಜುವುದು. ಬಂಡೆಯ ಲೋಳೆ ನೀರಿನಿಂದ ಹೋಗದು, ಉಜ್ಜಿದರೆ ಹೋಗುತ್ತದೆ ಎಂದು ಈಗಾಗಲೇ ನೋಡಿದೆವು. ವುಝೂವಿನ ಮುಕ್ಕಳಿಸುವಿಕೆಯ ಜೊತೆಗೆ ಸಿವಾಕ್ ಕೂಡಿದಾಗ ಮಾತ್ರ ಬಾಯಿಯ ಶುಚಿತ್ವ ಪೂರ್ತಿಯಾಗುತ್ತದೆ.

ನಾವು ಅದನ್ನು ಏನು ಮಾಡಿದ್ದೇವೆ? ಹಲವರ ಪಾಲಿಗೆ ಮಿಸ್ವಾಕ್ ಎಂದರೆ ಜುಬ್ಬಾದ ಮೇಲ್ಜೇಬಿನ ಅಲಂಕಾರ. ನಮಾಝ್‌ಗೆ ನಿಲ್ಲುವಾಗ ಮುಂದಿನ ಎರಡು ಹಲ್ಲುಗಳಿಗೆ ಒಮ್ಮೆ ತಾಗಿಸಿ ಮತ್ತೆ ಜೇಬಿಗಿಳಿಸುತ್ತೇವೆ. ಅದೇ ಕಡ್ಡಿ, ಅದೇ ಒಣಗಿದ ತುದಿ, ತಿಂಗಳುಗಟ್ಟಲೆ. ಪ್ರವಾದಿ(ಸ)ರು ತಮ್ಮ ಸಿವಾಕನ್ನು ತೊಳೆಯಲು ಕೊಡುತ್ತಿದ್ದರೆಂದು ಹ. ಆಯಿಶಾ(ರ) ಹೇಳಿರುವುದು ನಮಗೆ ನೆನಪಾಗುವುದಿಲ್ಲ. ಇನ್ನು ಉಳಿದವರು ಮಿಸ್ವಾಕನ್ನೂ ಬಿಟ್ಟಿದ್ದಾರೆ, ರಾತ್ರಿ ಬ್ರಷ್ ಮಾಡುವುದನ್ನೂ ಕಲಿತಿಲ್ಲ.

ಸುನ್ನತ್ ಇರುವುದು ಬಾಯಿಯನ್ನು ಶುದ್ಧವಾಗಿಡುವುದರಲ್ಲಿ. ಪೀಲು ಮರದ ಕಡ್ಡಿ ಅದಕ್ಕೆ ಶ್ರೇಷ್ಠ ಸಾಧನ. ಹಲ್ಲುಕಡ್ಡಿಯ ಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ 1986ರಲ್ಲಿ ಪ್ರೋತ್ಸಾಹಿಸಿದೆ. ಸರಿಯಾಗಿ ಬಳಸಿದರೆ ಅದು ಪಾಚಿಯನ್ನು ಚೆನ್ನಾಗಿ ತೆಗೆಯುತ್ತದೆ. ತುದಿಯ ಸಿಪ್ಪೆ ತೆಗೆದು, ನೀರಿನಲ್ಲಿ ನೆನೆಸಿ, ಎಳೆಎಳೆಯಾಗುವಂತೆ ಜಗಿಯಬೇಕು. ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೃದುವಾಗಿ ಉಜ್ಜಬೇಕು. ಹಳೆಯ ತುದಿಯನ್ನು ಆಗಾಗ ಕತ್ತರಿಸಿ ಹೊಸ ತುದಿ ಮಾಡಬೇಕು. ಬಲವಾಗಿ ತಿಕ್ಕಿದರೆ ವಸಡು ಹಿಂದೆ ಸರಿಯುತ್ತದೆ. ಹಲ್ಲುಗಳ ಒಳಮೈಗೂ ದವಡೆಯ ಹಿಂಭಾಗಕ್ಕೂ ಕಡ್ಡಿ ತಲುಪುವುದು ಕಷ್ಟ. ಆದ್ದರಿಂದ ಹಗಲಿನಲ್ಲಿ ಮಿಸ್ವಾಕ್, ಬೆಳಿಗ್ಗೆ ಮತ್ತು ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನೊಂದಿಗೆ ಮೆತ್ತನೆಯ ಬ್ರಷ್‌ನಿಂದ ಎರಡು ನಿಮಿಷ ಉಜ್ಜುವುದು ಎಂದು ಮಾಡಿಕೊಂಡರೆ ಎರಡರ ಪ್ರಯೋಜನವೂ ದೊರೆಯುತ್ತದೆ. ಇವೆರಡನ್ನೂ ಎದುರಾಳಿಗಳನ್ನಾಗಿ ನಿಲ್ಲಿಸುವ ಅಗತ್ಯವೇ ಇಲ್ಲ.

ಮಿಸ್ವಾಕ್ ಇದ್ದರೆ ದಂತವೈದ್ಯರೇ ಬೇಡ ಎನ್ನುವ ಸಹೋದರರಿಗೂ ಒಂದು ಮಾತು. ಗಾರೆಯಂತೆ ಗಟ್ಟಿಯಾದುದನ್ನು ಕಡ್ಡಿಯೂ ತೆಗೆಯದು, ಬ್ರಷ್ಷೂ ತೆಗೆಯದು. ಅದಕ್ಕೆ ವೈದ್ಯರ ಉಪಕರಣವೇ ಬೇಕು. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಸಿವಾಕನ್ನು ಕಲಿಸಿದ ಅದೇ ಪ್ರವಾದಿ(ಸ)ರು. “ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ” ಎಂಬ ಮಾತು ನಮ್ಮಲ್ಲಿ ಬಹಳ ಪ್ರಚಲಿತ. ನಿಜವೇನೆಂದರೆ, ಮೂಳೆ ಕರಗಿದ ಹಲ್ಲನ್ನು ಗಾರೆ ಸುತ್ತುವರಿದು ಮುಚ್ಚಿರುತ್ತದೆ. ಗಾರೆ ತೆಗೆದಾಗ ಮೊದಲೇ ಆಗಿದ್ದ ಹಾನಿ ಬಯಲಾಗುತ್ತದೆ. ಹಾನಿ ಮಾಡಿದ್ದು ಗಾರೆ, ದೂರು ವೈದ್ಯರ ಮೇಲೆ!

ಬಾಯಿಗೆ ನಾವೇ ಹಾಕಿಕೊಳ್ಳುವ ಕೇಡು

ಗುಟ್ಕಾದ ಬಗ್ಗೆ ಹೇಳದೆ ಈ ವಿಷಯ ಮುಗಿಯದು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೆ ಪಾನ್ ಮಸಾಲಾದ ಪೊಟ್ಟಣವನ್ನೂ ತಂಬಾಕಿನ ಪೊಟ್ಟಣವನ್ನೂ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಸುರಿದುಕೊಳ್ಳುವುದು ನಿಂತಿಲ್ಲ. ನಮ್ಮ ಯುವಕರು, ಆಟೋ ಮತ್ತು ಲಾರಿ ಓಡಿಸುವ ಸಹೋದರರು, ಅಷ್ಟೇಕೆ, ಮಸೀದಿಯ ಗೇಟಿನ ಹೊರಗೆ ಉಗುಳಿ ಒಳಗೆ ಬರುವ ನಮಾಝಿಗಳೂ ಇದಕ್ಕೆ ಹೊರತಲ್ಲ. ಬೆಳಗಾವಿ ಮತ್ತು ಮಹಾರಾಷ್ಟ್ರದ ಗಡಿಯ ಕಡೆ ಹೊಗೆಸೊಪ್ಪನ್ನು ಹುರಿದು ಪುಡಿಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ಹೆಂಗಸರೂ ಇದ್ದಾರೆ. ಹಲ್ಲು ಗಟ್ಟಿಯಾಗುತ್ತದೆಂದು ಅವರ ನಂಬಿಕೆ. ವಾಸ್ತವದಲ್ಲಿ ಅವರು ವಸಡಿಗೆ ತಂಬಾಕನ್ನು ತಿಕ್ಕುತ್ತಿರುತ್ತಾರೆ.

ಬೀಡಿ ಸಿಗರೇಟು ಸೇದುವವರು ತಿಳಿಯಬೇಕಾದ ಮೋಸವೊಂದಿದೆ. ಧೂಮಪಾನಿಗಳ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ಒಳಗೆ ರೋಗ ಮುಂದುವರಿಯುತ್ತಿದ್ದರೂ ರಕ್ತವೆಂಬ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. “ನನ್ನ ವಸಡಿನಲ್ಲಿ ರಕ್ತವೇ ಬರುವುದಿಲ್ಲ” ಎನ್ನುವ ಧೂಮಪಾನಿ ಅದನ್ನು ಆರೋಗ್ಯದ ಲಕ್ಷಣವೆಂದು ತಿಳಿಯಬಾರದು. ಹಸಿ ಬೆಳ್ಳುಳ್ಳಿ ತಿಂದವರು ಮಸೀದಿಗೆ ಬರಬಾರದೆಂದು ಪ್ರವಾದಿ(ಸ) ಹೇಳಿದ್ದಾರೆ. ದುರ್ಗಂಧದಿಂದ ಇತರ ನಮಾಝಿಗಳಿಗೂ ಮಲಕ್‌ಗಳಿಗೂ ತೊಂದರೆಯಾಗಬಾರದೆಂಬುದು ಅದರ ಕಾಳಜಿ. ಆಹಾರವಾದ ಬೆಳ್ಳುಳ್ಳಿಗೇ ಇಷ್ಟು ನಿಯಮವಿದ್ದರೆ ತಂಬಾಕಿನ ಬಾಯಿಗೆ ಏನು ಹೇಳಬೇಕು?

ಉಪವಾಸ ಮತ್ತು ತಾಯಂದಿರು

ರಮಝಾನಿನಲ್ಲಿ ಕೆಲವರು ಇಡೀ ಹಗಲು ಬಾಯಿ ಮುಟ್ಟುವುದಿಲ್ಲ. ಹನಫಿ ಮಝ್‌ಹಬ್‌ನಲ್ಲಿ ಉಪವಾಸಿಗನು ದಿನದ ಯಾವ ವೇಳೆಯಲ್ಲಿಯೂ ಮಿಸ್ವಾಕ್ ಮಾಡಬಹುದು. ಶಾಫಿಈ ಮಝ್‌ಹಬ್‌ನ ಪ್ರಸಿದ್ಧ ಅಭಿಪ್ರಾಯದಲ್ಲಿ ಮಧ್ಯಾಹ್ನದ ನಂತರ ಅದು ಕರಾಹತ್, ಅದಕ್ಕೆ ಮೊದಲು ಅಡ್ಡಿಯಿಲ್ಲ. ಪೇಸ್ಟಿನಿಂದ ಉಜ್ಜುವುದನ್ನು ಸಹರಿ ಮುಗಿದೊಡನೆ ಮತ್ತು ತರಾವೀಹ್ ಮುಗಿಸಿ ಮಲಗುವ ಮುನ್ನ ಇಟ್ಟುಕೊಂಡರೆ ಯಾವ ಸಂದೇಹವೂ ಉಳಿಯುವುದಿಲ್ಲ. ಇಫ್ತಾರಿನ ಖರ್ಜೂರ, ಶರಬತ್ತುಗಳ ಬಳಿಕ ಬಾಯಿ ಉಜ್ಜದೆ ಮಲಗುವುದೇ ನಿಜವಾದ ತೊಂದರೆ.

ಮಹಿಳೆಯರ ವಿಷಯದಲ್ಲಿ ನಮ್ಮ ಅಪರಾಧ ಇನ್ನೂ ದೊಡ್ಡದು. ಗರ್ಭಿಣಿಯರಲ್ಲಿ ಹಾರ್ಮೋನುಗಳ ಬದಲಾವಣೆಯಿಂದಾಗಿ ಸ್ವಲ್ಪ ಪಾಚಿಗೂ ವಸಡು ಹೆಚ್ಚು ಉರಿದು ರಕ್ತ ಸುರಿಸುತ್ತದೆ. ಆಗ ಉಜ್ಜುವುದನ್ನು ನಿಲ್ಲಿಸಬಾರದು, ಹೆಚ್ಚು ಶ್ರದ್ಧೆಯಿಂದ ಮಾಡಬೇಕು. ಗರ್ಭಿಣಿಯರಿಗೆ ಹಲ್ಲು ಶುಚಿಗೊಳಿಸುವ ಚಿಕಿತ್ಸೆ ಸುರಕ್ಷಿತ. ಆದರೆ ಮನೆಯ ಗಂಡಸಿನ ಹಲ್ಲು ನೋಯಿತೆಂದರೆ ಅಂದೇ ಕ್ಲಿನಿಕ್‌ಗೆ ಓಡುವ ನಾವು, ತಾಯಿಯೋ ಪತ್ನಿಯೋ ಮುಕ್ಕಳಿಸಿದ ನೀರು ಕೆಂಪಾಗಿರುವುದನ್ನು ಕಂಡರೂ ಕಾಣದಂತಿರುತ್ತೇವೆ. ಆಪಾ ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲವೆಂದು ಮೇಲೆ ಬರೆದೆವು. ಕೇಳಿದವರು ಯಾರೂ ಇರಲಿಲ್ಲ ಎಂದೂ ಬರೆಯಬೇಕಿತ್ತು.

ಇನ್ನೇನು ಮಾಡೋಣ?

ದೊಡ್ಡ ಯೋಜನೆಗಳೇನೂ ಬೇಡ. ವುಝೂವಿನ ನೀರಿನಲ್ಲಿ ರಕ್ತ ಕಂಡರೆ ಮೊದಲು ವುಝೂವಿನ ಮಸ್‌ಅಲಾ ಕೇಳೋಣ, ಬಳಿಕ ದಂತವೈದ್ಯರ ಬಳಿಗೆ ಹೋಗೋಣ. ರಕ್ತ ಬಂದ ಜಾಗವನ್ನು ಉಜ್ಜದೆ ಬಿಡುವ ಬದಲು ಮೃದುವಾಗಿ, ಆದರೆ ತಪ್ಪದೆ ಉಜ್ಜೋಣ. ಎರಡು ವಾರ ಹೀಗೆ ಮಾಡಿಯೂ ರಕ್ತ ನಿಲ್ಲದಿದ್ದರೆ, ವಸಡು ಹಿಂದೆ ಸರಿದಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ತಡಮಾಡದೆ ತೋರಿಸೋಣ. ನೋವು ಬರಲಿ ಎಂದು ಕಾಯುವುದು ಬೇಡ. ಈ ರೋಗ ನೋವಿಲ್ಲದೆಯೇ ಮನೆ ಖಾಲಿ ಮಾಡಿಸುತ್ತದೆ.

ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಮಹಾವಿದ್ಯಾಲಯ 1986ರಿಂದಲೂ ಇದೆ. ದಾಂಡೇಲಿ, ಹಳಿಯಾಳದವರಿಗೆ ಅದು ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳಬಹುದಾದ ದೂರ. ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಳಿಗಿಂತ ಕಡಿಮೆ ಖರ್ಚಾಗುತ್ತದೆ. ಹಲ್ಲು ಶುಚಿಗೊಳಿಸುವ ಖರ್ಚು ಹಲ್ಲು ಕಟ್ಟಿಸುವ ಖರ್ಚಿನ ಮುಂದೆ ಏನೂ ಅಲ್ಲ. ನಮ್ಮ ಜಮಾಅತ್‌ಗಳು ವರ್ಷಕ್ಕೊಮ್ಮೆ ದಂತವೈದ್ಯರನ್ನು ಕರೆಸಿ ಮಸೀದಿಯ ಆವರಣದಲ್ಲಿ ತಪಾಸಣೆ ಏರ್ಪಡಿಸಬಹುದು, ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆಯೊಂದಿಗೆ. ಖತೀಬರು ವರ್ಷದಲ್ಲಿ ಒಂದು ಜುಮಾ ಬಯಾನನ್ನು ಸಿವಾಕಿಗೆ ಮೀಸಲಿಡಬಹುದು. ಮದ್ರಸಾದಲ್ಲಿ ವುಝೂ ಕಲಿಸುವ ಉಸ್ತಾದರು ಅದರೊಂದಿಗೆ ಹಲ್ಲುಜ್ಜುವುದನ್ನೂ ಮಾಡಿ ತೋರಿಸಬಹುದು. ಮಕ್ಕಳು ಕೇಳಿದ್ದಕ್ಕಿಂತ ಕಂಡದ್ದನ್ನು ಬೇಗ ಕಲಿಯುತ್ತಾರೆ.

ಆಪಾ ಈಗ ಕಟ್ಟಿಸಿದ ಹಲ್ಲುಗಳೊಂದಿಗೆ ಮತ್ತೆ ಕಲಿಸುತ್ತಿದ್ದಾರೆ. ಮೊದಲ ಕೆಲವು ವಾರ ಝಾಲ್ ತಪ್ಪುತ್ತಿತ್ತಂತೆ, ಈಗ ಸರಿಹೋಗಿದೆ. ಅವರ ಪಡಸಾಲೆಯಲ್ಲಿ ಹೊಸದೊಂದು ನಿಯಮ ಬಂದಿದೆ. ಮುಸ್‌ಹಫ್ ತೆರೆಯುವ ಮುನ್ನ ಪ್ರತಿ ಹುಡುಗಿಯೂ ಹಿತ್ತಲಿಗೆ ಹೋಗಿ ಹಲ್ಲುಜ್ಜಿ ಬರಬೇಕು, ಉಗುಳಿದ ನೀರಿನ ಬಣ್ಣ ನೋಡಿ ಬಂದು ಹೇಳಬೇಕು. ಅಲ್ಲಾಹನ ವಚನಗಳು ಹೊರಡುವ ದಾರಿ ಈ ಬಾಯಿ. ಅದನ್ನು ಶುಚಿಯಾಗಿಡುವುದು ಆ ವಚನಗಳಿಗೆ ನಾವು ಸಲ್ಲಿಸುವ ಮೊದಲ ಗೌರವ ಎಂದು ಅವರು ಮಕ್ಕಳಿಗೆ ಹೇಳಿಕೊಡುತ್ತಾರೆ.

ಆ ಶುಕ್ರವಾರ ನಾವು ಆ ಯುವಕನನ್ನು ಏನೂ ಕೇಳದೆ ಬಂದೆವು. ಮುಂದಿನ ಸಲ ಪಕ್ಕದ ನಳದ ನೀರು ಕೆಂಪಾಗಿದ್ದರೆ ಸುಮ್ಮನೆ ಏಳುವುದಿಲ್ಲ. ಸಹೋದರನ ಕಷ್ಟವನ್ನು ಕಂಡೂ ತಿಳಿಸದಿರುವುದು ಸತ್ಯವಿಶ್ವಾಸಿಯ ಲಕ್ಷಣವಲ್ಲ. ನಮ್ಮ ಒಳಗನ್ನೂ ಹೊರಗನ್ನೂ ಶುದ್ಧವಾಗಿಟ್ಟುಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.